ಶಾಂಘೈಯಲ್ಲಿ ಸಂಸಾರ ಹೂಡುವುದು: ಪೊಲೀಸ್ ಚೀಟಿಯಿಂದ ಮೊಸರನ್ನದವರೆಗೆ

ಶಾಂಘೈಗೆ ಕೆಲಸಕ್ಕೆ ಹೊರಟವರು ಫೋನ್ ಮಾಡಿದರೆ ಮೊದಲು ಕೇಳುವುದು ಊಟದ ಬಗ್ಗೆ. ಆಮೇಲೆ ಭಾಷೆ. ಆದರೆ ಮೊದಲ ತಿಂಗಳು ನನ್ನನ್ನು ಸುಸ್ತು ಮಾಡಿದ್ದು ಇವೆರಡೂ ಅಲ್ಲ. ನನ್ನದೇ ಹೆಸರು.

ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಕಾಲಂ ಖಾಲಿ. ಊರಿನ ಹೆಸರು, ಅಪ್ಪನ ಹೆಸರು, ನನ್ನ ಹೆಸರು ಮೂರೂ ಗಿವನ್ ನೇಮ್ ಸಾಲಿನಲ್ಲೇ ಇವೆ. ನಮ್ಮ ಕಡೆ ಇದು ಮಾಮೂಲಿ ಅಲ್ವಾ? ಸಿಮ್ ಕೊಟ್ಟ ಹುಡುಗಿ ಮೂರನ್ನೂ ಒಂದೇ ಉಸಿರಿನಲ್ಲಿ, ನಡುವೆ ಜಾಗ ಬಿಡದೆ ಟೈಪ್ ಮಾಡಿದಳು. ಬ್ಯಾಂಕಿನವರು ಜಾಗ ಬಿಟ್ಟು ಹಾಕಿದರು. ಆಮೇಲೆ ಫೋನಿಗೆ ಬ್ಯಾಂಕ್ ಕಾರ್ಡ್ ಜೋಡಿಸಲು ಕೂತರೆ 'ಮಾಹಿತಿ ತಾಳೆಯಾಗುತ್ತಿಲ್ಲ' ಅಂತ ಕೆಂಪಕ್ಷರ. ಒಂದು ಸ್ಪೇಸ್‌ಗೋಸ್ಕರ ಮೂರು ಸಲ ಬ್ಯಾಂಕಿಗೆ ಅಲೆದೆ.

ಈ ಊರಿನಲ್ಲಿ ಪ್ರತಿಯೊಂದು ಕೆಲಸವೂ ಅದರ ಹಿಂದಿನ ಕೆಲಸಕ್ಕೆ ಗಂಟು ಬಿದ್ದಿರುತ್ತದೆ. ಪೊಲೀಸ್ ಚೀಟಿ ಇಲ್ಲದೆ ವಾಸದ ಪರವಾನಗಿ ಇಲ್ಲ. ಫೋನ್ ನಂಬರ್ ಇಲ್ಲದೆ ಬ್ಯಾಂಕ್ ಇಲ್ಲ. ಹಾಗಾಗಿ ಯಾವುದು ಮೊದಲು, ಯಾವುದು ಆಮೇಲೆ ಅಂತ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಅದೇ ಕ್ರಮದಲ್ಲಿ ಹೇಳುತ್ತೇನೆ.

1. ಊರು ಬಿಡುವ ಮೊದಲು

ಕೆಲಸಕ್ಕೆ ಹೋಗುವವರಿಗೆ ಝಡ್ ವೀಸಾ. ಡಿಗ್ರಿ ಸರ್ಟಿಫಿಕೇಟಿಗೆ, ಪೊಲೀಸ್ ಕ್ಲಿಯರೆನ್ಸಿಗೆ ಬೇಕಾದ ಸೀಲುಗಳನ್ನೆಲ್ಲ ಭಾರತದಲ್ಲೇ ಹಾಕಿಸಿಕೊಂಡು ಬನ್ನಿ. ಹೆಂಡತಿ, ಮಕ್ಕಳು ಜೊತೆಗೆ ಬರುವುದಾದರೆ ಮದುವೆ ಮತ್ತು ಜನನ ಪ್ರಮಾಣಪತ್ರಕ್ಕೂ ಇದೇ ಮಾತು. ಇಲ್ಲಿಗೆ ಬಂದ ಮೇಲೆ ಊರಲ್ಲಿರುವ ಭಾವನ ಕೈಯಲ್ಲಿ ಮಾಡಿಸುತ್ತೇನೆ ಅಂದುಕೊಂಡರೆ ತಿಂಗಳುಗಟ್ಟಲೆ ಹೋಗುತ್ತದೆ.

ಈಗ ಫೋನಿನ ವಿಷಯ. ಚೀನಾದಲ್ಲಿ ಗೂಗಲ್, ಯೂಟ್ಯೂಬ್, ವಾಟ್ಸಾಪ್, ಇನ್‌ಸ್ಟಾಗ್ರಾಮ್ ಯಾವುದೂ ಓಡುವುದಿಲ್ಲ. ಇಲ್ಲಿನ ಜನ ಉಸಿರಾಡುವ ವೀಚಾಟನ್ನು ಭಾರತ 2020ರ ಜೂನ್‌ನಲ್ಲಿ ನಿಷೇಧಿಸಿದೆ. ಅಂದರೆ ಅಮ್ಮನ ಫೋನಿನಲ್ಲಿರುವುದು ನಿಮ್ಮಲ್ಲಿ ಇಲ್ಲ, ನಿಮ್ಮಲ್ಲಿರುವುದು ಅಮ್ಮನಲ್ಲಿ ಇಲ್ಲ. ಹಾಂಗ್‌ಕಾಂಗ್ ಅಥವಾ ಸಿಂಗಪುರದ ಮೂಲಕ ಓಡುವ ಟ್ರಾವೆಲ್ ಇ-ಸಿಮ್ ಮೊದಲೇ ಕೊಂಡುಕೊಳ್ಳಿ. ಅದು ರೋಮಿಂಗ್ ಆದ್ದರಿಂದ ವಾಟ್ಸಾಪ್ ಸರಾಗವಾಗಿ ಬರುತ್ತದೆ. ಎರಡೂ ಕಡೆ ಐಫೋನ್ ಇದ್ದರೆ ಫೇಸ್‌ಟೈಮ್ ಕೂಡ ನಡೆಯುತ್ತದೆ. ಮೊದಲ ವಾರ ವಿಡಿಯೋ ಕಾಲ್ ಬರದಿದ್ದರೆ ಅಮ್ಮಂದಿರು ಏನೇನೋ ಊಹಿಸಿಕೊಳ್ಳುತ್ತಾರೆ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಭಾರತದ ಸಿಮ್ಮನ್ನೂ ಬಿಸಾಡಬೇಡಿ. ಬ್ಯಾಂಕಿನ ಒಟಿಪಿ ಅದಕ್ಕೇ ಬರುವುದು. ಎಸ್‌ಎಂಎಸ್ ರೋಮಿಂಗ್ ಆನ್ ಮಾಡಿಸಿಕೊಂಡೇ ವಿಮಾನ ಹತ್ತಿ.

ಮಿಕ್ಸಿ ತರಬಹುದು. ಇಲ್ಲಿ ಕರೆಂಟು 220 ವೋಲ್ಟ್, 50 ಹರ್ಟ್ಸ್, ಹೆಚ್ಚುಕಡಿಮೆ ನಮ್ಮದೇ ಲೆಕ್ಕ. ನಮ್ಮ ಮೂರು ಉರುಟು ಕಡ್ಡಿಯ ಪ್ಲಗ್ ಮಾತ್ರ ಇಲ್ಲಿನ ಸಾಕೆಟ್ಟಿಗೆ ಕೂರುವುದಿಲ್ಲ, ಅಡಾಪ್ಟರ್ ಬೇಕು.

2. ಮೊದಲ 24 ಗಂಟೆ: ಪೊಲೀಸ್ ಚೀಟಿ

ಹೋಟೆಲ್‌ನಲ್ಲಿ ಉಳಿದರೆ ನಿಮ್ಮ ನೋಂದಣಿಯನ್ನು ಅವರೇ ಮಾಡುತ್ತಾರೆ. ಬಾಡಿಗೆ ಮನೆಗೋ ಗೆಳೆಯರ ಮನೆಗೋ ಹೋದರೆ 24 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ವಾಸದ ನೋಂದಣಿ ಮಾಡಿಸಬೇಕು. ಠಾಣೆಗೆ ಇಲ್ಲಿ 'ಪಾಯ್‌ಚುಸುವೊ' ಅನ್ನುತ್ತಾರೆ. ಪಾಸ್‌ಪೋರ್ಟ್, ಬಾಡಿಗೆ ಕರಾರು, ಮಾಲೀಕರ ಗುರುತಿನ ಚೀಟಿಯ ಪ್ರತಿ ಇಟ್ಟುಕೊಂಡು ಹೋಗಿ. ಶಾಂಘೈಯಲ್ಲಿ ಇದನ್ನು ಆನ್‌ಲೈನ್‌ನಲ್ಲೂ ಮಾಡಬಹುದು. ಆದರೂ ಮೊದಲ ಸಲ ಖುದ್ದಾಗಿ ಹೋಗುವುದೇ ಮೇಲು. ತಪ್ಪಾಗಿದ್ದರೆ ಅಲ್ಲೇ ತಿದ್ದಿಸಬಹುದು.

ತಡವಾದರೆ 2000 ಯುವಾನ್‌ವರೆಗೆ ದಂಡ ಹಾಕಲು ಕಾನೂನಿನಲ್ಲಿ ಅವಕಾಶ ಇದೆ. ಮನೆ ಬದಲಿಸಿದರೆ, ಪಾಸ್‌ಪೋರ್ಟ್ ಹೊಸದಾದರೆ, ಹೊಸ ವಾಸದ ಪರವಾನಗಿ ಬಂದರೆ ಮತ್ತೆ ನೋಂದಣಿ. ಕೊಟ್ಟ ಚೀಟಿಯ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಮುಂದಿನ ಒಂದು ತಿಂಗಳು ಅದನ್ನು ಕೇಳದವರೇ ಇರುವುದಿಲ್ಲ.

3. ಮೊದಲ 30 ದಿನ: ವಾಸದ ಪರವಾನಗಿ

ಝಡ್ ವೀಸಾದಲ್ಲಿ ಬಂದವರು 30 ದಿನದೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಅದಕ್ಕೆ ಮೊದಲು ವೈದ್ಯಕೀಯ ತಪಾಸಣೆ, ಕೆಲಸದ ಪರ್ಮಿಟ್. ತಪಾಸಣೆಗೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ. ರಕ್ತ, ಎಕ್ಸ್‌ರೇ, ಇಸಿಜಿ, ಅಲ್ಟ್ರಾಸೌಂಡ್ ಅಂತ ಒಂದು ಕೋಣೆಯಿಂದ ಇನ್ನೊಂದಕ್ಕೆ ದಾಟಿಸುತ್ತಾರೆ. ಒಬ್ಬೊಬ್ಬರಿಗೆ ಎರಡು ನಿಮಿಷ, ಮಾತೂ ಇಲ್ಲ ಕತೆಯೂ ಇಲ್ಲ.

ವಾಸದ ಪರವಾನಗಿಯನ್ನು ಪುಡೊಂಗ್‌ನ ಮಿನ್‌ಶೆಂಗ್ ರಸ್ತೆಯಲ್ಲಿರುವ ವಲಸೆ ಕಚೇರಿಯಲ್ಲಿ ಕೊಡುತ್ತಾರೆ. ಒಂದು ವರ್ಷಕ್ಕಿಂತ ಕಡಿಮೆ ಅವಧಿಗೆ 400 ಯುವಾನ್, ಒಂದರಿಂದ ಮೂರು ವರ್ಷದ ಒಳಗಿನದಕ್ಕೆ 800. ಅರ್ಜಿ ಹಾಕಿದಾಗ ಪಾಸ್‌ಪೋರ್ಟ್ ಅವರ ಬಳಿಯೇ ಉಳಿಯುತ್ತದೆ. ನಿಮ್ಮ ಕೈಗೆ ಬರುವುದು ಫೋಟೋ ಇರುವ ಒಂದು ರಸೀದಿ. ಆ ದಿನಗಳಲ್ಲಿ ವಿದೇಶ ಪ್ರಯಾಣ ಆಗುವುದಿಲ್ಲ. ಬ್ಯಾಂಕ್ ಕೆಲಸವೂ ಬಹುತೇಕ ಆಗುವುದಿಲ್ಲ.

ಅವಧಿ ಮುಗಿದ ಮೇಲೂ ಉಳಿದರೆ ದಿನಕ್ಕೆ 500 ಯುವಾನ್ ದಂಡ, ಗರಿಷ್ಠ 10,000. ನವೀಕರಣಕ್ಕೆ ಕನಿಷ್ಠ 30 ದಿನ ಮುಂಚೆ ಅರ್ಜಿ ಹಾಕಬೇಕು ಅಂತ ಕ್ಯಾಲೆಂಡರ್‌ನಲ್ಲಿ ಈಗಲೇ ಗುರುತು ಮಾಡಿ. ಗೊಂದಲ ಆದರೆ 12367ಕ್ಕೆ ಫೋನ್ ಮಾಡಿ. ಅದು ವಲಸೆ ಇಲಾಖೆಯ ಸಹಾಯವಾಣಿ, 24 ಗಂಟೆಯೂ ಇಂಗ್ಲಿಷ್‌ನಲ್ಲಿ ಉತ್ತರ ಸಿಗುತ್ತದೆ.

4. ಸಿಮ್, ಬ್ಯಾಂಕ್, ಅಲಿಪೇ

ಹೆಸರಿನ ಗೋಳು ಶುರುವಾಗುವುದು ಇಲ್ಲಿ. ಪಾಸ್‌ಪೋರ್ಟಿನ ಫೋಟೋ ಪುಟದ ಕೆಳಗೆ ಬಾಣದ ಗುರುತುಗಳಿರುವ ಎರಡು ಸಾಲು ಇರುತ್ತದೆ, ನೋಡಿ. ನಿಮ್ಮ ಹೆಸರು ಆ ಮೊದಲ ಸಾಲಿನಲ್ಲಿ ಯಾವ ಕ್ರಮದಲ್ಲಿದೆಯೋ ಅದೇ ಕ್ರಮವನ್ನು ಒಂದು ಕಾಗದದ ಮೇಲೆ ದೊಡ್ಡಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಜಾಗ ಎಲ್ಲಿ ಬಿಡಬೇಕು ಅನ್ನುವುದೂ ಅದರಲ್ಲಿರಲಿ. ಸಿಮ್ ಕೊಡುವಲ್ಲಿ, ಬ್ಯಾಂಕಿನಲ್ಲಿ, ಎಲ್ಲ ಕಡೆಯೂ ಅದೇ ಕಾಗದ ತೋರಿಸಿ. ಅವರು ಟೈಪ್ ಮಾಡಿದ್ದನ್ನು ಪರದೆಯ ಮೇಲೆ ಓದಿದ ನಂತರವೇ ಸಹಿ ಹಾಕಿ. ನಾಚಿಕೆ ಬೇಡ. ಪರದೆ ತಿರುಗಿಸಿ ತೋರಿಸಿ ಅಂತ ಕೈ ಸನ್ನೆ ಮಾಡಿದರೆ ಸಾಕು.

ಸಿಮ್ಮನ್ನು ಚೈನಾ ಮೊಬೈಲ್, ಚೈನಾ ಯೂನಿಕಾಂ, ಚೈನಾ ಟೆಲಿಕಾಂ ಮೂರರಲ್ಲಿ ಯಾವುದಾದರೊಂದರ ದೊಡ್ಡ ಶಾಖೆಯಲ್ಲೇ ಕೊಳ್ಳಿ. ಗಲ್ಲಿ ಅಂಗಡಿಯವರಿಗೆ ವಿದೇಶಿ ಪಾಸ್‌ಪೋರ್ಟ್ ದಾಖಲಿಸಿ ಅಭ್ಯಾಸ ಇರುವುದಿಲ್ಲ. ನಂಬರ್ ಬಂದ ಮೇಲೆ ವೀಚಾಟ್ ಹಾಕಿಕೊಳ್ಳಿ. ಹೊಸ ಖಾತೆಗೆ ಕೆಲವೊಮ್ಮೆ ಹಳೆಯ ಬಳಕೆದಾರರೊಬ್ಬರು ಕ್ಯೂಆರ್ ಸ್ಕ್ಯಾನ್ ಮಾಡಿ ಸಾಕ್ಷಿ ಹೇಳಬೇಕಾಗುತ್ತದೆ. ಆಫೀಸಿನವರು ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ.

ಬ್ಯಾಂಕ್ ಖಾತೆ ಆಗುವವರೆಗೆ ಏನು ಗತಿ? 2023ರಿಂದ ವಿದೇಶಿ ಬ್ಯಾಂಕುಗಳ ವೀಸಾ, ಮಾಸ್ಟರ್ ಕಾರ್ಡ್‌ಗಳನ್ನು ಅಲಿಪೇ ಮತ್ತು ವೀಚಾಟ್‌ಗೆ ನೇರವಾಗಿ ಜೋಡಿಸುವುದು ಸಲೀಸಾಗಿದೆ. ಇಲ್ಲಿ ಫೋನಿನಲ್ಲೇ ದುಡ್ಡು ಕೊಡುವುದು ಈ ಎರಡು ಆ್ಯಪ್‌ಗಳಲ್ಲಿ. ನಿಮ್ಮ ಕಾರ್ಡಿನಲ್ಲಿ ಅಂತಾರಾಷ್ಟ್ರೀಯ ವಹಿವಾಟು ಆನ್ ಮಾಡಿರಿ. 200 ಯುವಾನ್ ದಾಟಿದ ಬಿಲ್ಲಿಗೆ ಶೇ. 3 ಶುಲ್ಕ ಬೀಳುತ್ತದೆ, ಅದರೊಳಗಿನದಕ್ಕೆ ಇಲ್ಲ. ತರಕಾರಿಗೆ, ಮೆಟ್ರೋಗೆ ಇಷ್ಟು ಧಾರಾಳ ಸಾಕು. ಆದರೂ ಪರ್ಸಿನಲ್ಲಿ 200-300 ಯುವಾನ್ ನೋಟು ಇರಲಿ. ಫೋನ್ ಚಾರ್ಜ್ ಖಾಲಿಯಾದ ದಿನ ಈ ಊರಿನಲ್ಲಿ ನೀವು ಭಿಕ್ಷುಕರಿಗಿಂತ ಬಡವರು. ಅವರ ಬಳಿಯೂ ಕ್ಯೂಆರ್ ಕೋಡ್ ಇರುತ್ತದೆ ಅನ್ನುವುದು ಇಲ್ಲಿನ ಹಳೇ ಜೋಕು.

ಇನ್ನೊಂದು ವಿಷಯ. ಪಾಸ್‌ಪೋರ್ಟ್ ನವೀಕರಣ ಆದರೆ ನಂಬರ್ ಬದಲಾಗುತ್ತದೆ. ಸಿಮ್, ಬ್ಯಾಂಕ್, ಅಲಿಪೇ, ರೈಲ್ವೆ ಆ್ಯಪ್ ಎಲ್ಲದರಲ್ಲೂ ತಿದ್ದಿಸಬೇಕು. ಹಳೆಯ ಪಾಸ್‌ಪೋರ್ಟ್ ಜೋಪಾನವಾಗಿಡಿ.

5. ಮನೆ ಹುಡುಕುವುದು

ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿದವರಿಗೆ ಇಲ್ಲಿ ಸ್ವರ್ಗ. ರೂಢಿಯ ಲೆಕ್ಕಕ್ಕೆ 'ಯಾ ಯೀ ಫು ಸಾನ್' ಅನ್ನುತ್ತಾರೆ. ಒಂದು ತಿಂಗಳ ಠೇವಣಿ, ಮೂರು ತಿಂಗಳ ಬಾಡಿಗೆ ಮುಂಗಡ. ದಲ್ಲಾಳಿಗೆ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆಯ ಶೇ. 35. ಅಂದರೆ ಮೊದಲ ದಿನವೇ ಹತ್ತಿರ ಹತ್ತಿರ ನಾಲ್ಕೂವರೆ ತಿಂಗಳ ಬಾಡಿಗೆಯಷ್ಟು ದುಡ್ಡು ಕೈಯಲ್ಲಿರಬೇಕು. ಊರಿನಿಂದ ಬರುವಾಗಲೇ ಇದಕ್ಕೆ ತಯಾರಿರಿ.

ಮನೆ ನೋಡುವಾಗ ಮೊದಲ ಪ್ರಶ್ನೆ ಬಾಡಿಗೆ ಎಷ್ಟು ಅನ್ನುವುದಲ್ಲ. ಮಾಲೀಕರು ವಿದೇಶಿಯರ ಪೊಲೀಸ್ ನೋಂದಣಿಗೆ ಕಾಗದ ಕೊಡುತ್ತಾರಾ? ಕೊಡುವುದಿಲ್ಲ ಅಂದರೆ ಅರಮನೆಯಾದರೂ ಬೇಡ. ಮನೆಯ ಹಕ್ಕುಪತ್ರ, ಮಾಲೀಕರ ಗುರುತಿನ ಚೀಟಿ ಎರಡರಲ್ಲೂ ಒಂದೇ ಹೆಸರಿದೆಯಾ ನೋಡಿ.

ಆಮೇಲೆ ಬಿಸಿಲು. ನಾವು ಪೂರ್ವದ ಬಾಗಿಲು ಹುಡುಕುತ್ತೇವೆ. ಇವರು ದಕ್ಷಿಣದ ಬಾಲ್ಕನಿ ಹುಡುಕುತ್ತಾರೆ. ಕಾರಣ ಸರಳ. ಶಾಂಘೈ ದಕ್ಷಿಣ ಚೀನಾದ ಲೆಕ್ಕದಲ್ಲಿ ಬರುವುದರಿಂದ ಬೀಜಿಂಗ್‌ನ ಹಾಗೆ ಊರಿಗೆಲ್ಲ ಬಿಸಿ ಹರಿಸುವ ಕೊಳವೆ ವ್ಯವಸ್ಥೆ ಇಲ್ಲ. ಜನವರಿಯಲ್ಲಿ ಮನೆಯೊಳಗೆ ಸ್ವೆಟರ್ ಹಾಕಿಕೊಂಡೇ ಅಡುಗೆ ಮಾಡುತ್ತೀರಿ. ಎಸಿಯಲ್ಲಿ ಬಿಸಿಗಾಳಿ ಸರಿಯಾಗಿ ಬರುತ್ತದಾ ಅಂತ ಬೇಸಿಗೆಯಲ್ಲಿ ಮನೆ ನೋಡುವಾಗಲೂ ಆನ್ ಮಾಡಿ ನೋಡಿ. ಜೂನ್, ಜುಲೈನ ಜಿಟಿಜಿಟಿ ಮಳೆಗಾಲಕ್ಕೆ 'ಹುವಾಂಗ್ ಮೇ' ಅನ್ನುತ್ತಾರೆ. ಮಲೆನಾಡಿನವರಿಗೆ ಅರ್ಥವಾಗುತ್ತದೆ: ಚಪ್ಪಲಿಗೆ, ಬೆಲ್ಟಿಗೆ, ಗೋಡೆಗೆ ಬೂಷ್ಟು. ಕಪಾಟಿನ ಹಿಂದಿನ ಗೋಡೆಯನ್ನು ಮೂಸಿ ನೋಡಿದರೆ ಸತ್ಯ ಗೊತ್ತಾಗುತ್ತದೆ.

ಮನೆ ಆದ ಮೇಲೆ ಗೇಟಿನ ಸೆಕ್ಯುರಿಟಿಯವರ ಹತ್ತಿರ ಹೋಗಿ ಪರಿಚಯ ಮಾಡಿಕೊಳ್ಳಿ. ಕೊರಿಯರ್, ಗ್ಯಾಸ್, ಕೆಟ್ಟ ಬೀಗ, ಕಳೆದುಹೋದ ಡಬ್ಬಿ ಎಲ್ಲದಕ್ಕೂ ಅವರೇ. ನಾನು ಮೊದಲ ದಿನ ಒಂದು ಪ್ಯಾಕೆಟ್ ಗೋಡಂಬಿ ಕೊಟ್ಟಿದ್ದೆ. ಅದರ ಫಲ ಎರಡು ವರ್ಷ ಉಂಡೆ.

6. ಕಸ

ನಗಬೇಡಿ, ಇದಕ್ಕೆ ಬೇರೆ ಅಧ್ಯಾಯವೇ ಬೇಕು. 2019ರ ಜುಲೈ 1ರಿಂದ ಶಾಂಘೈಯಲ್ಲಿ ಕಸ ವಿಂಗಡಣೆ ಕಡ್ಡಾಯ. ನಾಲ್ಕು ಡಬ್ಬಿ: ಹಸಿ, ಒಣ, ಮರುಬಳಕೆ, ಅಪಾಯಕಾರಿ. ತಪ್ಪಿದರೆ ವ್ಯಕ್ತಿಗೆ 200 ಯುವಾನ್‌ವರೆಗೆ ದಂಡ. ಡಬ್ಬಿಗಳ ಬಾಗಿಲು ಹೆಚ್ಚಿನ ಕಡೆ ಬೆಳಿಗ್ಗೆ, ಸಂಜೆ ಒಂದೆರಡು ಗಂಟೆ ಮಾತ್ರ ತೆರೆದಿರುತ್ತದೆ.

ಅಲ್ಲಿ ಒಬ್ಬ ಆಯಿ ನಿಂತಿರುತ್ತಾರೆ. ಚೀನೀ ಭಾಷೆಯಲ್ಲೂ ವಯಸ್ಸಾದ ಹೆಂಗಸರನ್ನು 'ಆಯಿ' ಅಂತಲೇ ಕರೆಯುತ್ತಾರೆ. ಬೆಳಗಾವಿ, ಕಾರವಾರ ಕಡೆಯವರಿಗೆ ನಾಲಿಗೆ ತಿರುಗಿಸುವ ಕೆಲಸವೇ ಇಲ್ಲ. ಮೊದಲ ವಾರ ನಾನು ತೆಂಗಿನ ಚಿಪ್ಪನ್ನು ಹಸಿ ಕಸಕ್ಕೆ ಹಾಕಿದೆ. ಆಯಿ ಚಿಮುಟ ಹಾಕಿ ಅದನ್ನು ಹೊರಗೆ ತೆಗೆದರು. ಡಬ್ಬಿಯ ಅಂಚಿಗೆ ಟಕ್ ಟಕ್ ಅಂತ ಬಡಿದು ತೋರಿಸಿದರು. ಗಟ್ಟಿ! ಗಟ್ಟಿಯಾದದ್ದು ಒಣ ಕಸ. ದೊಡ್ಡ ಮೂಳೆಗೂ ಅದೇ ನಿಯಮ.

ಇಲ್ಲಿನವರು ನೆನಪಿಟ್ಟುಕೊಳ್ಳಲು ಒಂದು ಹಂದಿ ಲೆಕ್ಕ ಮಾಡಿಕೊಂಡಿದ್ದಾರೆ. ಹಂದಿ ತಿನ್ನುವುದು ಹಸಿ. ಹಂದಿಯೂ ಮೂಸದ್ದು ಒಣ. ತಿಂದರೆ ಹಂದಿ ಸಾಯುವಂಥದ್ದು ಅಪಾಯಕಾರಿ. ಮಾರಿ ಹಂದಿ ಕೊಳ್ಳಬಹುದಾದದ್ದು ಮರುಬಳಕೆ. ಹಸಿ ಕಸವನ್ನು ಕವರ್ ಸಮೇತ ಎಸೆಯುವಂತಿಲ್ಲ. ಡಬ್ಬಿಗೆ ಸುರಿದು ಖಾಲಿ ಕವರನ್ನು ಒಣ ಡಬ್ಬಿಗೆ ಹಾಕಬೇಕು. ಸಾರಿನ ನೀರು ಮನೆಯ ಸಿಂಕಿನಲ್ಲೇ ಸೋಸಿ ಬನ್ನಿ. ಲಿಫ್ಟಿನಲ್ಲಿ ಹುಣಸೆ ನೀರು ಸೋರಿದರೆ ಮಹಡಿಯವರೆಲ್ಲ ನಿಮ್ಮ ಮುಖ ನೋಡುತ್ತಾರೆ.

7. ಓಡಾಟ

ಇದು ಸುಲಭ, ಬೇಗ ಮುಗಿಸುತ್ತೇನೆ. ಮೆಟ್ರೋ 800 ಕಿಲೋಮೀಟರ್ ದಾಟಿದೆ. ಟಿಕೆಟ್ 3 ಯುವಾನ್‌ನಿಂದ ಶುರು. ಅಲಿಪೇಯಲ್ಲಿ ಶಾಂಘೈ ಪ್ರಯಾಣದ ಕೋಡ್ ತೆರೆದು ಗೇಟಿಗೆ ಹಿಡಿದರೆ ಆಯಿತು. ಬ್ಯಾಗ್ ತಪಾಸಣೆ ಪ್ರತಿ ಸಲ. ನೀರಿನ ಬಾಟಲಿ ಇದ್ದರೆ ಒಂದು ಗುಟುಕು ಕುಡಿದು ತೋರಿಸಲು ಹೇಳಬಹುದು. ರಾತ್ರಿ ಹತ್ತೂವರೆಯ ಮೇಲೆ ಕೊನೆಯ ರೈಲಿನ ಸಮಯ ನೋಡಿಕೊಳ್ಳಿ.

ದಾರಿಗೆ ಗೂಗಲ್ ಮ್ಯಾಪ್ ನಂಬಬೇಡಿ. ಚೀನಾ ನಕ್ಷೆಗಳಿಗೆ ಬೇರೆಯದೇ ಅಳತೆ ಬಳಸುತ್ತದೆ. ಹಾಗಾಗಿ ಗೂಗಲ್‌ನ ಗುರುತು ನೂರಾರು ಮೀಟರ್ ಆಚೆ ಬೀಳುತ್ತದೆ. ಇಲ್ಲಿನದೇ ನಕ್ಷೆ ಆ್ಯಪ್ ಗಾವೊದೆ ಅಥವಾ ಆ್ಯಪಲ್ ಮ್ಯಾಪ್ ಬಳಸಿ.

ದೀದಿ ಅಂದರೆ ಇಲ್ಲಿನ ಓಲಾ, ಉಬರ್. ಅದರ ಕಾರು ಬಂದಾಗ ಚಾಲಕ ನಿಮ್ಮ ಹೆಸರು ಕೇಳುವುದಿಲ್ಲ. 'ವೇಯ್‌ಹಾವ್?' ಅನ್ನುತ್ತಾನೆ. ಅಂದರೆ ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ. ಕೊರಿಯರ್‌ನವನೂ ಅದನ್ನೇ ಕೇಳುತ್ತಾನೆ. ಚೀನೀ ಭಾಷೆಯಲ್ಲಿ ಬೇರೇನು ಕಲಿಯದಿದ್ದರೂ ಈ ನಾಲ್ಕು ಅಂಕಿ ಕಲಿಯಿರಿ. ಫೋನ್ ನಂಬರಿನಲ್ಲಿ 1 ಇದ್ದರೆ ಅದನ್ನು 'ಯೀ' ಅನ್ನದೆ 'ಯಾವ್' ಅನ್ನುತ್ತಾರೆ, ನೆನಪಿರಲಿ.

ಫುಟ್‌ಪಾತಿನಲ್ಲೂ ಹಿಂದೆ ತಿರುಗಿ ನೋಡುತ್ತಾ ನಡೆಯಿರಿ. ಎಲೆಕ್ಟ್ರಿಕ್ ಸ್ಕೂಟರುಗಳು ಬೆಕ್ಕಿನ ಹಾಗೆ ಸದ್ದಿಲ್ಲದೆ ಬರುತ್ತವೆ. ಹಾರನ್ ಕೇಳಿ ಪಕ್ಕಕ್ಕೆ ಸರಿಯುವ ನಮ್ಮ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಾರದು.

ರೈಲಿಗೆ 12306 ಆ್ಯಪ್. ಇಂಗ್ಲಿಷ್‌ನಲ್ಲೂ ಇದೆ, ಪಾಸ್‌ಪೋರ್ಟೇ ಟಿಕೆಟ್. ಬೀಜಿಂಗ್ 1,318 ಕಿಲೋಮೀಟರ್, ವೇಗದ ರೈಲಿಗೆ ನಾಲ್ಕೂವರೆ ಗಂಟೆ ಸಾಕು.

8. ಊಟ

ಮಾಂಸ ತಿನ್ನುವವರಿಗೆ ನಾನು ಹೇಳುವಂಥದ್ದೇನೂ ಇಲ್ಲ, ಹಬ್ಬ ಮಾಡಿ. ಸಸ್ಯಾಹಾರಿಗಳು ಮಾತ್ರ ಸ್ವಲ್ಪ ಕೂತು ಕೇಳಿ.

'ವೊ ಛಿ ಸು' ಅಂದರೆ ನಾನು ಸಸ್ಯಾಹಾರ ತಿನ್ನುತ್ತೇನೆ ಅಂತ. ಛಿ ಅಂದರೆ ತಿನ್ನು, ನಮ್ಮ ಛೀ ಅಲ್ಲ. ಆದರೆ ಅಷ್ಟೇ ಹೇಳಿದರೆ ಸಾಲದು. ಬೀನ್ಸ್ ಪಲ್ಯದಲ್ಲಿ ಹಂದಿ ಖೀಮಾ ಇರುತ್ತದೆ. ಸೋಯಾ ಪನೀರಿನ ಖಾರದ ಗೊಜ್ಜು 'ಮಾಪೊ ದೋಫು'ವಿನಲ್ಲೂ ಅಷ್ಟೇ. ಮಾಂಸ ಎಲ್ಲಿದೆ, ರುಚಿಗೆ ಸ್ವಲ್ಪ ಹಾಕಿದ್ದೇವೆ ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರ ಲೆಕ್ಕದಲ್ಲಿ ಅದು ಒಗ್ಗರಣೆ. ಹಾಗಾಗಿ ಬೇಡವಾದದ್ದನ್ನು ಒಂದೊಂದಾಗಿ ಚೀನೀ ಅಕ್ಷರದಲ್ಲಿ ಬರೆಸಿ ಫೋನಿನಲ್ಲಿ ಇಟ್ಟುಕೊಳ್ಳಿ: ಮಾಂಸ, ಮೀನು, ಸಿಗಡಿ, ಹಂದಿ ಕೊಬ್ಬು, ಕೋಳಿ ಪುಡಿ. ಕೊನೆಯದಕ್ಕೆ 'ಜಿ ಜಿಂಗ್' ಅಂತ ಹೆಸರು. ಸೊಪ್ಪಿನ ಪಲ್ಯಕ್ಕೂ ಅದನ್ನು ಉದುರಿಸುವ ಅಭ್ಯಾಸ ಇದೆ.

ಧೈರ್ಯವಾಗಿ ಕೇಳಬಹುದಾದವು: ಹುಳಿ ಖಾರದ ಆಲೂಗಡ್ಡೆ ಎಳೆಗಳು, ಅಂದರೆ 'ಸ್ವಾನ್ ಲಾ ತುದೋ ಸ್'. ಬದನೆ, ಆಲೂಗಡ್ಡೆ, ಮೆಣಸಿನಕಾಯಿ ಸೇರಿಸಿ ಹುರಿದ 'ದಿ ಸಾನ್ ಶಿಯನ್'. ಈರುಳ್ಳಿ ಸೊಪ್ಪಿನ ಎಣ್ಣೆ ಕಲಸಿದ 'ತ್ಸುಂಗ್ ಯೋ ಬಾನ್ ಮಿಯನ್', ಇದು ಶಾಂಘೈಯ ಸ್ವಂತ ನೂಡಲ್ಸ್. ಬೆಳಿಗ್ಗೆ ಬಿಸಿ ಸೋಯಾ ಹಾಲು, ಜೊತೆಗೆ 'ಯೋತ್ಯಾವ್', ಅಂದರೆ ಎಣ್ಣೆಯಲ್ಲಿ ಕರಿದ ಉದ್ದನೆಯ ಹಿಟ್ಟಿನ ತಿಂಡಿ. ಮೊಟ್ಟೆ ತಿನ್ನುವವರಾದರೆ ಟೊಮ್ಯಾಟೊ ಮೊಟ್ಟೆ ಯಾವ ಹೋಟೆಲಿನಲ್ಲೂ ಸಿಗುತ್ತದೆ. ಪೂರ್ತಿ ನೆಮ್ಮದಿ ಬೇಕಾದರೆ ಬೌದ್ಧ ಸಸ್ಯಾಹಾರ ಇದೆ. ನಾನ್‌ಜಿಂಗ್ ರಸ್ತೆಯ ಗೊಂಗ್‌ದೆಲಿನ್ 1922ರಲ್ಲಿ ಶುರುವಾದ ಹೋಟೆಲು. ಲೊಂಗ್‌ಹುವಾ, ಯುಫೊ ದೇವಸ್ಥಾನಗಳ ನೂಡಲ್ಸ್ ಅಗ್ಗ, ರುಚಿಯೂ ಜಾಸ್ತಿ. ಒಂದೇ ವಿಷಯ, ಅಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರುವುದಿಲ್ಲ. ಮಠದ ಊಟ ಅಂದುಕೊಳ್ಳಿ.

ಮನೆ ಅಡುಗೆಗೆ ತೊಗರಿಬೇಳೆ, ಉದ್ದು, ಇಂಗು, ಕರಿಬೇವು ಎಲ್ಲ ಆನ್‌ಲೈನ್ ಅಂಗಡಿ ತಾವೊಬಾವೊದಲ್ಲಿ ಸಿಗುತ್ತವೆ. ಯೀವು ಮತ್ತು ಶಾವೊಶಿಂಗ್ ಪಕ್ಕದ ಕೆಚಿಯಾವ್ ಊರುಗಳಲ್ಲಿ ಭಾರತದ ವ್ಯಾಪಾರಿಗಳು ಬಹಳ ಜನ ಇದ್ದಾರೆ. ದಿನಸಿ ಅಂಗಡಿಗಳೂ ಇವೆ. ಪಾರ್ಸೆಲ್ ಎರಡು ಮೂರು ದಿನದಲ್ಲಿ ಕಾಂಪೌಂಡಿನ ಲಾಕರ್‌ಗೆ ಬಂದು ಕೂತಿರುತ್ತದೆ. ಫೋನಿಗೆ ಬಂದ ಕೋಡ್ ಒತ್ತಿ ತೆಗೆದುಕೊಳ್ಳಿ.

ಇನ್ನು ಮೊಸರು. ಅಂಗಡಿಯ 'ಸ್ವಾನ್ ನಾಯ್' ಸಿಹಿ. ಗೊತ್ತಿಲ್ಲದೆ ಅನ್ನಕ್ಕೆ ಕಲಸಿ, ಒಗ್ಗರಣೆ ಹಾಕಿ, ಬಾಯಿಗಿಟ್ಟ ಮೇಲೆ ನಾನು ಸುಮ್ನೆ ಕೂತುಬಿಟ್ಟೆ. ಸಕ್ಕರೆ ಇಲ್ಲದ್ದನ್ನು 'ವು ಥಾಂಗ್' ಅಂತ ಕೇಳಿ. ಹಿಂಬದಿಯ ಚೀಟಿಯನ್ನು ಅನುವಾದದ ಆ್ಯಪ್‌ನಲ್ಲಿ ಹಿಡಿದು ಹಾಲು ಮತ್ತು ಬ್ಯಾಕ್ಟೀರಿಯಾ ಬಿಟ್ಟು ಬೇರೇನೂ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಅದರಲ್ಲಿ ಒಂದು ಚಮಚ ಹೆಪ್ಪಿಗೆ ಇಟ್ಟು ಮನೆಯಲ್ಲೇ ಮಾಡಿಕೊಂಡರೆ ಚಿಂತೆ ಇಲ್ಲ. ಚಳಿಗಾಲದಲ್ಲಿ ಪಾತ್ರೆಯನ್ನು ದುಪ್ಪಟಿಯಲ್ಲಿ ಸುತ್ತಿ, ಆಫ್ ಮಾಡಿದ ಬೆಚ್ಚಗಿನ ರೈಸ್ ಕುಕ್ಕರಿನ ಪಕ್ಕ ಇಡಿ. ದೋಸೆ ಹಿಟ್ಟಿಗೂ ಅದೇ ಜಾಗ.

9. ಹುಷಾರಿಲ್ಲದಾಗ

ಆಂಬ್ಯುಲೆನ್ಸ್ 120, ಪೊಲೀಸ್ 110, ಬೆಂಕಿ 119. ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು 'ಗುವಾಹಾವ್', ಅಂದರೆ ಚೀಟಿ ಮಾಡಿಸುವುದು. ಆಮೇಲೆ ವೈದ್ಯರು, ಆಮೇಲೆ ದುಡ್ಡು ಕಟ್ಟಿ ಪರೀಕ್ಷೆ, ರಿಪೋರ್ಟ್ ಹಿಡಿದು ಮತ್ತೆ ವೈದ್ಯರು, ಮತ್ತೆ ದುಡ್ಡು ಕಟ್ಟಿ ಔಷಧ. ಪ್ರತಿ ಹೆಜ್ಜೆಗೂ ಮೊದಲು ಪಾವತಿ. ಹುವಾಶಾನ್‌ನಂಥ ಕೆಲವು ದೊಡ್ಡ ಆಸ್ಪತ್ರೆಗಳಲ್ಲಿ ವಿದೇಶಿಯರಿಗೆ ಬೇರೆ ವಿಭಾಗ ಇದೆ. ದುಬಾರಿ, ಆದರೆ ಇಂಗ್ಲಿಷ್ ನಡೆಯುತ್ತದೆ. ಏನೇ ಕಾಯಿಲೆ ಅಂದರೂ ಜನ ಕೊಡುವ ಮೊದಲ ಸಲಹೆ ಬಿಸಿನೀರು ಕುಡಿ ಅಂತ. ನಮ್ಮ ಅಜ್ಜಿಯರು ಒಪ್ಪುತ್ತಿದ್ದರು.

10. ಹಬ್ಬದ ರಜೆಗೆ ಮುಂಚೆ

ಚೀನೀ ಹೊಸ ವರ್ಷ ಜನವರಿ 21 ಮತ್ತು ಫೆಬ್ರವರಿ 20ರ ನಡುವೆ ಬರುತ್ತದೆ. ಶಾಂಘೈಯಲ್ಲಿ ದುಡಿಯುವವರೆಲ್ಲ ಊರಿಗೆ ಹೋಗುತ್ತಾರೆ. ನಗರದ ಹೊರವರ್ತುಲ ರಸ್ತೆಯ ಒಳಗೆ 2016ರಿಂದ ಪಟಾಕಿಯೂ ಇಲ್ಲ. ಬೀದಿ ಎಷ್ಟು ಸ್ತಬ್ಧ ಅಂದರೆ ನಿಮ್ಮ ಹೆಜ್ಜೆ ಸದ್ದು ನಿಮಗೇ ಕೇಳಿಸುತ್ತದೆ. ರೈಲು ಟಿಕೆಟ್ ಆ ವಾರಕ್ಕೆ ಸಿಕ್ಕರೆ ಪುಣ್ಯ. ಇನ್ನೊಂದು ವಿಚಿತ್ರ: ಉದ್ದದ ರಜೆಗೆ ಬದಲಾಗಿ ಹಿಂದೆ ಮುಂದೆ ಒಂದೆರಡು ಶನಿವಾರ, ಭಾನುವಾರ ಕೆಲಸ ಮಾಡಿಸುತ್ತಾರೆ. ಆಫೀಸಿನ ಕ್ಯಾಲೆಂಡರ್ ನೋಡದೆ ಪ್ರವಾಸ ಬುಕ್ ಮಾಡಬೇಡಿ.

ಕೊರಿಯರ್‌ಗಳು ರಜೆಗೆ ಒಂದು ವಾರ ಮುಂಚೆಯೇ ನಿಧಾನವಾಗುತ್ತವೆ. ಬೇಳೆ, ಇಂಗು, ಸಾಂಬಾರ್ ಪುಡಿ ಹತ್ತು ದಿನ ಮೊದಲೇ ತರಿಸಿ. ಹಾಲು, ತರಕಾರಿ ಎರಡು ದಿನ ಮುಂಚೆ ತಂದಿಡಿ. ಗೇಟಿನವರಿಗೂ ಕಸದ ಆಯಿಗೂ ಒಂದೊಂದು ಡಬ್ಬಿ ಕಿತ್ತಳೆ ಕೊಡಿ. ಹೆಪ್ಪಿಗೆ ಒಂದು ಸಣ್ಣ ಬಟ್ಟಲು ಮೊಸರನ್ನು ಫ್ರಿಜ್ಜಿನ ಹಿಂದೆ ಎತ್ತಿಟ್ಟುಕೊಳ್ಳಿ.